ಪಾರ್ವತೆಮ್ಮನ ಕಣ್ಣಿನ ಪೊರೆ

"ಜೋರು ಮಾಡಬ್ಯಾಡವ್ವ, ನಿಧಾನಕ್ಕ ಬಿಡಿಸು," ಎಂದರು ಅಯ್ಯನವರು.

ಶಿವಕುಮಾರಿ ತೀರಿಕೊಂಡ ಅತ್ತೆಯ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅಂಗೈಯಲ್ಲಿ ಇಷ್ಟಲಿಂಗ ಇಡಬೇಕಿತ್ತು. ಪಾರ್ವತೆಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ತೋರುಬೆರಳು ಬಿಚ್ಚಿದಾಗ ಶಿವಕುಮಾರಿಯ ಕೈ ತಡೆಯಿತು. ಬೆರಳ ತುದಿಯ ತುಂಬ ಸೂಜಿ ಚುಚ್ಚಿದ ಗುರುತುಗಳು. ಒಂದೆರಡು ಇನ್ನೂ ಹಸಿಯಾಗಿದ್ದವು.

ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷದಿಂದ ಅಕ್ಷರ ಕಾಣದವಳಿಗೆ ಸೂಜಿಯ ಸಹವಾಸ ಎಲ್ಲಿಂದ ಬಂತು? ಆದರೆ ಅದನ್ನು ಕೇಳುವ ಹೊತ್ತು ಅದಲ್ಲ. ಲಿಂಗವನ್ನಿಟ್ಟು, ಬೆರಳುಗಳನ್ನು ಮೆಲ್ಲಗೆ ಮುಚ್ಚಿದಳು.

ಅಂಗಳದಲ್ಲಿ ಭಜನೆ ನಡೆದಿತ್ತು. ಬೆಳಿಗ್ಗೆಯೇ ಲಿಂಗಸುಗೂರಿನಿಂದ ಬೈಕಿನಲ್ಲಿ ಬಂದಿದ್ದ ಅವಳ ಅಣ್ಣ ಮಲ್ಲೇಶ ಬಾಗಿಲ ಬಳಿ ಕರೆದು ದನಿ ತಗ್ಗಿಸಿದ.

"ಎಲ್ಲಾ ಮುಗೀಲಿ, ನೀನೂ ಸುಕನ್ಯಾನೂ ನಮ್ಮನಿಗೆ ನಡೀರಿ. ಗಂಡ ಹೋದ, ಅತ್ತಿನೂ ಹೋದ್ಲು. ಈ ವಳಕಮದಿನ್ನಿ ಊರಾಗ ಇನ್ನ ನಿನಗ ಆಸರ ಯಾರದಾರ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಮಗಳನ್ನು ಸಾಕುವ ಧೈರ್ಯ ಅವಳಿಗಿತ್ತು. ಆದರೆ ದೀಪ ಹಚ್ಚಿದ ಮೇಲೆ ಅತ್ತೆಯಿಲ್ಲದ ಈ ಮನೆಯಲ್ಲಿ ಹೇಗೆ ಕೂಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಕಂಬಕ್ಕೆ ಆತು ಕೂತಿದ್ದ ಸುಕನ್ಯಾಳ ಕಡೆ ನೋಡಿದಳು. ಆರನೇ ಇಯತ್ತೆಯ ಹುಡುಗಿ ಬೆಳಗಿನಿಂದ ಅತ್ತಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ.

"ಸಂಜೀಗೆ ಹೇಳ್ತೀನಿ ತಡಿಯಣ್ಣ," ಎಂದಳು.

* * *

ಗಂಡ ಶರಣಬಸವ ಮಸ್ಕಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ ಮೇಲೆ ಶಿವಕುಮಾರಿ ದೇವರ ಜಗಲಿಯ ಕಡೆ ಮುಖ ಮಾಡುವುದನ್ನೇ ಬಿಟ್ಟಿದ್ದಳು. ಮಗನನ್ನು ಕಳೆದುಕೊಂಡ ಪಾರ್ವತೆಮ್ಮ ಮಾತ್ರ ದಿನಾ ಸಂಜೆ ಶರಣರ ಪುರಾಣ ಬಿಚ್ಚಿಕೊಂಡು ಕೂಡುತ್ತಿದ್ದಳು. ಇವಳಿಗೇನು ಕರುಳಿಲ್ಲವೇ ಎಂದು ಸೊಸೆಗೆ ಸಿಟ್ಟು ಬರುತ್ತಿತ್ತು. ಒಂದು ಸಂಜೆ ಮುದುಕಿ ಪುಸ್ತಕವನ್ನು ಸೊಸೆಯ ಮುಂದೆ ಸರಿಸಿದಳು.

"ಕಣ್ಣಿಗೆ ಪೊರಿ ಬಂದಾವ. ಅಕ್ಷರ ಎಲ್ಲಾ ಕಲಸಾಕತ್ಯಾವ. ನೀ ಓದವ್ವ."

"ನನಗ ನಿಮ್ಮ ದೇವರ ಮ್ಯಾಲ ನಂಬಿಕಿ ಇಲ್ರಿ ಅತ್ತಿ."

"ನಂಬಿಕಿ ನಂದಿರಲಿ. ಬಾಯಿ ಅಷ್ಟ ನಿಂದು ಕೊಡು."

ಮುದುಕಿಯ ಹಟ ಊರಿಗೇ ಗೊತ್ತಿತ್ತು. ಶಿವಕುಮಾರಿ ಬೇಗ ಮುಗಿದರೆ ಸಾಕೆಂದು ಓದಿದಳು. ನಡುವೆ ಸಾಲು ಹಾರಿಸಿದರೆ, ಕಣ್ಣು ಮುಚ್ಚಿ ಕೂತ ಮುದುಕಿ, "ಒಂದು ಸಾಲು ಬಿಟ್ಟಿ ನೋಡು," ಎನ್ನುತ್ತಿದ್ದಳು. ನಂಬಿದವರ ಕೈಯನ್ನು ಶಿವ ಬಿಡುವುದಿಲ್ಲ ಎಂಬ ಮಾತು ಬಂದರಂತೂ, "ಇನ್ನೊಮ್ಮೆ ಓದು, ಕಿವಿ ಮಂದ," ಎಂಬ ನೆವ ಬೇರೆ. ಸಿಂಧನೂರಿನ ಕಣ್ಣಿನ ದವಾಖಾನೆಗೆ ಕರೆದರೆ, "ಈ ವಯಸ್ಸಿನ್ಯಾಗ ಕಣ್ಣಿಗೆ ಕತ್ತರಿ ಹಾಕಿಸ್ಕೊಳ್ಲೇನು?" ಎಂದು ಜಾರಿಕೊಳ್ಳುತ್ತಿದ್ದಳು. ಹೀಗೇ ಓದುತ್ತ ಓದುತ್ತ ಗಂಡ ಹೋದಂದಿನಿಂದ ದೂರವಾಗಿದ್ದ ರಾತ್ರಿಯ ನಿದ್ದೆ ಶಿವಕುಮಾರಿಗೆ ಮತ್ತೆ ಬರತೊಡಗಿತು. ಯಾವಾಗಿನಿಂದ ಎಂದು ಅವಳಿಗೇ ತಿಳಿಯಲಿಲ್ಲ.

* * *

ಮಣ್ಣು ಮಾಡಿ ಬಂದು ಸ್ನಾನ ಮುಗಿಸುವಷ್ಟರಲ್ಲಿ ಹಿಂದಿನ ಮನೆಯ ಲಕ್ಷ್ಮಿದೇವಿ ಕಂಕುಳಲ್ಲಿ ಒಂದು ಗಂಟು ಹಿಡಿದು ಬಂದಳು. ಬಿಚ್ಚಿದರೆ ಹೊಸ ಕೌದಿ. ಶರಣಬಸವನ ಹಳೆಯ ಧೋತರ, ಪಾರ್ವತೆಮ್ಮನ ಸವೆದ ಸೀರೆಗಳನ್ನು ಕೂಡಿಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿತ್ತು. ಒಂದು ಮೂಲೆ ಮಾತ್ರ ಬಾಕಿ ಇತ್ತು.

"ಸುಕನ್ಯಾಗಂತ ಹೊಲಿಯಾಕತ್ತಿದ್ಲವ್ವ. ನೀ ಶಾಲಿಗೆ ಹೋಗೂದ ತಡ, ನಮ್ಮ ಕಟ್ಟಿ ಮ್ಯಾಲ ಹಾಜರ್ ಆಗ್ತಿದ್ಲು."

"ಯಾರು, ಅತ್ತೀನ? ಅವರಿಗೆ ಕಣ್ಣು ಕಾಣ್ತಿರಲಿಲ್ಲಲ್ಲ ಚಿಗವ್ವ!"

ಲಕ್ಷ್ಮಿದೇವಿ ಅಳುತ್ತಲೇ ನಕ್ಕಳು. "ನನ್ನ ಸೂಜಿಗೂ ದಾರ ಆಕೀನ ಪೋಣಿಸಿ ಕೊಡ್ತಿದ್ಲು! ಯಾಕ ಸೊಸಿಗೆ ಸುಳ್ಳು ಹೇಳ್ತಿ ಅಂತ ನಾನೂ ಕೇಳಿದ್ನೆವ್ವ. 'ಓದು ಅಂದ್ರ ಆಕಿ ತನಗಂತ ಓದಾಂಗಿಲ್ಲ. ನನಗಂತ ಓದ್ತಾಳ. ನಾನೇನು ಸಾಯೋತನಕ ಆಕಿ ಕೈ ಹಿಡ್ಕೊಂಡು ಕೂಡ್ಲೇನು? ಹಿಡಿಯಾಂವ ಆ ಶಿವ, ಆತಗ ಒಪ್ಪಿಸಿ ಹೋಗ್ಬೇಕಲ್ಲ' ಅಂದ್ಲು."

ಶಿವಕುಮಾರಿ ಕೌದಿಯಲ್ಲಿ ಮುಖವಿಟ್ಟು ಆ ದಿನ ಮೊದಲ ಸಲ ಜೋರಾಗಿ ಅತ್ತಳು. ದುಃಖವೂ ಇತ್ತು, ನಾಲ್ಕು ವರ್ಷ ತನ್ನನ್ನು ಹೀಗೆ ಯಾಮಾರಿಸಿದ ಮುದುಕಿಯ ಮೇಲೆ ಹೊಟ್ಟೆ ತುಂಬ ಪ್ರೀತಿಯೂ ಇತ್ತು.

* * *

ಸಂಜೆ ಪಾರ್ವತೆಮ್ಮನನ್ನು ಕೂಡಿಸಿದ್ದ ಜಾಗ ಸಾರಿಸಿ, ಅಲ್ಲಿಯೇ ದೀಪ ಹಚ್ಚಿಟ್ಟರು. ಮಲ್ಲೇಶ ಬೈಕಿನ ಚಾವಿ ಹಿಡಿದು ಬಾಗಿಲಲ್ಲಿ ನಿಂತ.

"ಏನಂತಿ ತಂಗಿ? ಬರ್ತೀರಿಲ್ಲ?"

"ಅತ್ತಿ ದಿನದ ಕಾರ್ಯ ಮುಗಿದ ಮ್ಯಾಲ ಎರಡು ದಿನ ಬಂದು ಇದ್ದು ಬರ್ತೀವಣ್ಣ. ಮನಿ ಇಲ್ಲೇ ಐತಿ."

"ಮತ್ತ ಆಸರ?"

ಅವಳು ಜಗಲಿಯಿಂದ ಪುರಾಣ ಇಳಿಸಿಕೊಂಡು ದೀಪದ ಮುಂದೆ ಬಿಚ್ಚಿದಳು. ಕಂಬದ ಬಳಿ ಇನ್ನೂ ಹಾಗೇ ಕೂತಿದ್ದ ಮಗಳಿಗೆ ಕೌದಿ ಹೊದಿಸಿ ಕರೆತಂದು ಪಕ್ಕದಲ್ಲಿ ಕೂಡಿಸಿಕೊಂಡಳು. ಪುಸ್ತಕವನ್ನು ಅವಳ ಮುಂದೆ ಸರಿಸಿದಳು.

"ಯಾಕೋ ಅಕ್ಷರ ಕಲಸಾಕತ್ಯಾವ. ನೀ ಓದವ್ವ."

ಸುಕನ್ಯಾ ತಲೆಯೆತ್ತಿದಳು. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು: "ಅವ್ವಾ, ನಿನ್ನ ಕಣ್ಣಿಗೂ ಪೊರಿ ಬಂತೇನು?"

"ಹೂಂ. ಈಗೀಗ."

ಹುಡುಗಿ ಮೂಗು ಒರೆಸಿಕೊಂಡು ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಕಣ್ಣೀರು ಉಕ್ಕಿ ಕೆನ್ನೆಯ ಮೇಲೆ ಇಳಿಯಿತು, ಆದರೂ ಓದು ನಿಲ್ಲಲಿಲ್ಲ. ಮಲ್ಲೇಶ ಚಾವಿಯನ್ನು ಜೇಬಿಗೆ ಹಾಕಿ, ಹೊಸ್ತಿಲ ಮೇಲೆ ಕೂತ.

ಶಿವಕುಮಾರಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಒಂದು ಸಾಲು ಬಿಟ್ಟಿ ನೋಡು," ಎಂದಳು.

ಸುಕನ್ಯಾಳ ಬೆರಳು ಹಿಂದಕ್ಕೆ ಸರಿದು, ಬಿಟ್ಟ ಸಾಲಿನ ಮೇಲೆ ಬಂದು ನಿಂತಿತು.