ಕೂತಲ್ಲಿ ಪಾಲು

ಮರವಂತೆಯ ರಂಪಣಿಯವರು ಮರ್ಯಾದೆ ಮಾಡಿ ನನ್ನ ಅಪ್ಪಯ್ಯನನ್ನು ಕೊಲ್ಲಲು ಹೊರಟಿದ್ದರು. ಹೀಗೆ ಹೇಳಿದರೆ ನಾಗ ಮಾವನಿಗೆ ಸಿಟ್ಟು ಬರುತ್ತದೆ. ಬರಲಿ.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯವರು ಅದನ್ನು ಕಡಲಿನಲ್ಲಿ ಸುತ್ತುಬಳಸಿ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರಿನ ಗಂಡಸರೆಲ್ಲ ಸಾಲಾಗಿ ಹಿಂದೆ ಹಿಂದೆ ನಡೆಯುತ್ತ ಎಳೆಯಬೇಕು. ಎಲ್ಲರಿಗಿಂತ ಮುಂದೆ, ನೀರಿನಲ್ಲೇ ನಿಲ್ಲುವವನು ನನ್ನ ಅಪ್ಪಯ್ಯ, ಪಾಂಡು ಮರಕಾಲ. ಬಲೆ ಎಳೆದ ದಿನ ಅವನು ಅಂಗಳಕ್ಕೆ ಕಾಲಿಡುವ ಮೊದಲೇ "ಉಂಬುಕ್ ಎಂತ ಇತ್?" ಎಂದು ಊಟ ಕೇಳಿ ಕೂಗುತ್ತಿದ್ದ. ಬಲೆಗೆ ಮೀನು ಬೀಳದ ದಿನವೂ ಆ ಕೂಗು ಮಾತ್ರ ತಪ್ಪಿದ್ದಿಲ್ಲ.

ಮುಂದೆ ನಿಂತು ಎಳೆದವನಿಗೆ ವಯಸ್ಸಾಯಿತು ಎಂದರೆ 'ಕೂತಲ್ಲಿ ಪಾಲು' ಕೊಡುವುದು ನಮ್ಮ ರಂಪಣಿಯ ಪದ್ಧತಿ. ಅವನು ಎಳೆಯುವುದು ಬೇಡ, ದಡದ ಚಪ್ಪರದಡಿ ಕೂತಿದ್ದರೆ ಸಾಕು, ಪಾಲು ಮನೆಗೆ ಬರುತ್ತದೆ. ಒಮ್ಮೆ ಆ ಪಾಲು ತೆಗೆದುಕೊಂಡವನು ಮತ್ತೆ ಹಗ್ಗ ಮುಟ್ಟುವಂತಿಲ್ಲ. ಮುಟ್ಟಿದರೆ ಬಲೆಗೆ ಕೇಡು, ಕೊಟ್ಟವರಿಗೆ ಅವಮಾನ. ಹೋದ ವರ್ಷ ನೂಲ ಹುಣ್ಣಿಮೆಯ ದಿನ ಸಮುದ್ರಪೂಜೆ ಮುಗಿದ ಮೇಲೆ ಅಪ್ಪಯ್ಯನ ಹೆಗಲಿಗೆ ಶಾಲು ಬಿತ್ತು. ಅಮ್ಮನ ತಮ್ಮ ನಾಗ ಮಾವನೇ ಮುಂದೆ ನಿಂತು ಮಾಡಿಸಿದ್ದು. ಗಂಗೊಳ್ಳಿಯಲ್ಲಿ ಇಂಜಿನ್ ದೋಣಿಯ ಪಾಲುದಾರನಾದ ಮೇಲೆ ಅವನಿಗೆ ಎಲ್ಲರನ್ನೂ ಸುಖವಾಗಿಡುವ ಹುಚ್ಚು ಹತ್ತಿತ್ತು.

"ಭಾವ, ಎಳ್ದದ್ ಸಾಕ್. ಇನ್ನ್ ಕೂಕಂಡ್ ಉಣ್ಣಿ," ಎಂದ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಸಂತೋಷಕ್ಕೆ.

ನನಗೆ ಚೆನ್ನಯ್ಯ ಮಾವನ ನೆನಪಾಯಿತು. ಅಪ್ಪಯ್ಯನಿಗಿಂತ ಮೊದಲು ಕೂತಲ್ಲಿ ಪಾಲು ಸಿಕ್ಕಿದ್ದು ಅವನಿಗೆ. ಮೊದಲು ಅವನ ಮಾತು ನಿಂತಿತು, ಆಮೇಲೆ ನಿದ್ದೆ. ಒಂದು ಸಂಜೆ ಎಲ್ಲರೂ ನೋಡುತ್ತಿರುವಾಗಲೇ ನಡೆದುಕೊಂಡು ನೀರಿಗೆ ಇಳಿದ. ಕಡಲು ಅವನನ್ನು ಕರೆಯಿತು ಎಂದರು ಊರವರು. ಕಡಲು ಕರೆದವನನ್ನು ತಡೆಯಬಾರದಂತೆ.

ದೀಪಾವಳಿ ಕಳೆಯುವುದರೊಳಗೆ ಅಪ್ಪಯ್ಯನ ಮಾತೂ ನಿಂತಿತು. ಚಪ್ಪರದಡಿ ಕಡಲಿಗೆ ಮುಖ ಮಾಡಿ ಕೂತವನು ಕರೆದರೂ ಏಳುತ್ತಿರಲಿಲ್ಲ. ಬಂಗುಡೆ ಸಾರು ಮುಂದಿಟ್ಟರೆ ಉಣ್ಣುವುದನ್ನೇ ಮರೆಯುತ್ತಿದ್ದ. ಒಂದು ದಿನ ಬಾಯಿ ಬಿಟ್ಟವನು ನನ್ನನ್ನು ಪುಷ್ಪ ಎನ್ನದೆ, ಎಂದೋ ತೀರಿಹೋದ ಅತ್ತೆಯ ಹೆಸರು ಹಿಡಿದು ಕರೆದ. ಆ ದಿನ ನಾನು ಕೊಟ್ಟಿಗೆಯ ಹಿಂದೆ ನಿಂತು ಅತ್ತುಬಿಟ್ಟೆ.

ನಡುವೆ ಒಂದು ಬೆಳಿಗ್ಗೆ ಅಮ್ಮ ಪೇಟೆಗೆ ಹೋಗಿದ್ದಳು. ಅಪ್ಪಯ್ಯ ಯಾರೂ ಹೇಳದೆ ಬಾವಿಕಟ್ಟೆಗೆ ಹೋಗಿ ನೀರು ಸೇದತೊಡಗಿದ. ತೆಂಗಿನ ಬುಡಗಳೆಲ್ಲ ತುಂಬಿ ಹರಿಯುವವರೆಗೂ ಸೇದಿದ. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು, "ಪುಷ್ಪಾ, ಉಪ್ಪ್ ಕಮ್ಮಿ ಆಯ್ತಲೆ ಹೆಣೆ," ಎಂದು ಬೈದು, ಚಾಪೆಯ ಮೇಲೆ ಗೊರಕೆ ಹೊಡೆದ. ಆ ಬೈಗುಳ ಕೇಳಿ ನನಗೆ ಕುಣಿಯಬೇಕು ಅನ್ನಿಸಿತು.

ಅಮ್ಮ ಬಂದವಳು ಹೌಹಾರಿದಳು. ಚೆನ್ನಯ್ಯ ಮಾವನ ಹಾಗೆ ಅಪ್ಪಯ್ಯನೂ ಜೀವ ಕಳೆದುಕೊಂಡಾನು ಎಂದು ಅವಳಿಗೆ ನೀರು, ಹಗ್ಗ, ಎರಡೂ ಕಂಡರಾಗದು. ಬಾವಿ ಹಗ್ಗ, ದನದ ಹಗ್ಗ, ಬಟ್ಟೆ ಒಣಗಿಸುವ ಹಗ್ಗ, ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನೀರು ಬೇಕಾದಾಗ ಬೀಗ ತೆಗೆಯುವುದು, ಸೇದಿ ಮತ್ತೆ ಒಳಗಿಡುವುದು. ಅಪ್ಪಯ್ಯ ಮರುದಿನದಿಂದ ಮತ್ತೆ ಕಲ್ಲಾದ.

ನಮ್ಮ ರಂಪಣಿಯಲ್ಲಿ ಐತಜ್ಜ ಎಂಬವನಿದ್ದ. ಅಪ್ಪಯ್ಯನಿಗಿಂತ ತುಂಬ ದೊಡ್ಡವನು, ಬಾಯಿ ಬಹಳ ಹರಕು. ಆ ಬಾಯಿಯಿಂದಾಗಿ ಅವನಿಗೆ ಯಾರೂ ಶಾಲು ಹೊದಿಸಲಿಲ್ಲ. ಅಪ್ಪಯ್ಯ ಬಿಟ್ಟ ಜಾಗದಲ್ಲಿ ನಿಂತು ಎಳೆಯುತ್ತಿದ್ದವನು ಅವನೇ. "ಕೂರ್ಸಿರೆ ಇನ್ನೂ ಮಾತಾಡ್ತೆ ಅಂದ್ಹೇಳಿ ಹೆದ್ರಿಕೆ ಇವ್ರಿಗೆ," ಎಂದು ನಗುತ್ತಿದ್ದ. ನಿದ್ದೆ, ಹಸಿವು, ಕೀಟಲೆ, ಯಾವುದಕ್ಕೂ ಅವನಲ್ಲಿ ಕೊರತೆಯಿರಲಿಲ್ಲ. ಎಳೆಯುವವನನ್ನು ಬಿಟ್ಟು ಕೂತವರನ್ನೇ ಹುಡುಕಿ ಕರೆಯುವ ಕಡಲು ಇದೆಂಥದು?

ರಂಪಣಿಯ ಯಜಮಾನನಾದ ತಂಡೇಲನ ಹತ್ತಿರ ಹೋಗಿ, ಅಪ್ಪಯ್ಯನ ಕೈಗೆ ಹಗ್ಗ ಕೊಡಿ ಎಂದು ಕೇಳಿದೆ.

"ಪಾಲ್ ತಿಂದರ್ ಹಗ್ಗ ಮುಟ್ಟುಕಾಗ ಹೆಣೆ," ಎಂದ. "ಕಡಲ್ ಕರ್ದ್ರೆ ನಾವ್ ಎಂತ ಮಾಡುಕಾತ್?"

ಚಳಿ ಕಳೆಯುತ್ತ ಬಂದಿತ್ತು. ಒಂದು ಸಂಜೆ ಬಲೆ ಭಾರವಾಗಿ ಬರುತ್ತಿತ್ತು. ನಾನು ಬುಟ್ಟಿ ಹಿಡಿದು ಹೆಂಗಸರ ಜೊತೆ ಕಾಯುತ್ತಿದ್ದೆ. ಅಪ್ಪಯ್ಯ ಚಪ್ಪರದಡಿಯಿಂದ ಎದ್ದ. ಶಾಲನ್ನು ಮಡಿಸಿ ಮರಳ ಮೇಲಿಟ್ಟ. ಅಂಗಡಿಗೆ ಹೋಗುವವನ ಹಾಗೆ ನಡೆದು ನೀರಿಗೆ ಇಳಿದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಯಾರೂ ಅಲುಗಲಿಲ್ಲ. "ಹಗ್ಗ ಬಿಡುಕಾಗ!" ಎಂದು ತಂಡೇಲ ಎಳೆಯುವವರಿಗೆ ಕೂಗಿದ.

ಅಪ್ಪಯ್ಯಾ ಎಂದು ಕಿರುಚಿದೆ. ಅವನಿಗೆ ಕೇಳಲಿಲ್ಲ. ಬುಟ್ಟಿ ಎಸೆದು ನೀರಿಗೆ ನುಗ್ಗಿ, ಐತಜ್ಜನ ಕೈ ತಳ್ಳಿ ಹಗ್ಗ ಹಿಡಿದೆ. ಹೆಂಗಸರು ಹಗ್ಗಕ್ಕೆ ಕೈ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಗ್ಗ ಅಂಗೈ ಸುಲಿದುಕೊಂಡು ಓಡಿತು.

"ಅಪ್ಪಯ್ಯಾ, ಹಗ್ಗ ಜಾರ್ತಾ ಇತ್!"

ಅವನು ತಿರುಗಿದ. ಮಗಳ ದನಿಗೆ ತಿರುಗದವನು ಆ ಮಾತಿಗೆ ತಿರುಗಿದ. ಅಲೆ ಸೀಳಿಕೊಂಡು ಬಂದು ನನ್ನ ಮುಂದೆ ಹಗ್ಗ ಹಿಡಿದು ಹಿಮ್ಮಡಿ ಮರಳಿಗೆ ಊರಿದ. ಜಾರುತ್ತಿದ್ದ ಸಾಲು ನಿಂತಿತು. ಆಮೇಲೆ ಅವನು ಎಳೆದ ಹಾಗೆ ಎಲ್ಲರೂ ಎಳೆದರು. ಬಲೆ ದಡಕ್ಕೆ ಬರುವಾಗ ಅವನ ಮುಖದಲ್ಲಿ ಬೆವರಿತ್ತು, ಕಣ್ಣಿನಲ್ಲಿ ನಾನಿದ್ದೆ.

"ಮರಕಾಲ್ರೆ, ಕೂತಲ್ಲ್ ಪಾಲ್ ಇನ್ನ್ ಇಲ್ಲೆ," ಎಂದ ತಂಡೇಲ.

"ಬ್ಯಾಡ," ಎಂದ ಅಪ್ಪಯ್ಯ. ನನ್ನ ಕಡೆ ನೋಡಿ, "ಉಂಬುಕ್ ಎಂತ ಇತ್?"

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಈ ವರ್ಷ ರಂಪಣಿಯ ಕೂಟವೇ ಒಡೆಯಿತು. ಪ್ರಾಯದವರೆಲ್ಲ ಇಂಜಿನ್ ದೋಣಿ ಹತ್ತಿದರು, ಬಲೆ ಚಪ್ಪರದಡಿ ಬಿದ್ದಿದೆ. ನಾನು ತಂಡೇಲನನ್ನು ಕಾಡಿ ಹಗ್ಗದ ಒಂದು ತುಂಡು ತಂದೆ. ಅದನ್ನು ಕಂಡು ಅಮ್ಮ ಎದೆ ಬಡಿದುಕೊಂಡಳು. ದಿನಾ ಬೆಳಿಗ್ಗೆ ಅಂಗಳದಲ್ಲಿ ಒಂದು ತುದಿ ಅಪ್ಪಯ್ಯನದು, ಇನ್ನೊಂದು ನನ್ನದು. ಬೆವರು ಇಳಿಯುವವರೆಗೆ ಎಳೆದಾಡುತ್ತೇವೆ. ಬಸ್ಸಿನಲ್ಲಿ ಹೋಗುವವರು ತಲೆ ಹೊರಗೆ ಹಾಕಿ ನಗುತ್ತಾರೆ. ನಗಲಿ, ಅಪ್ಪಯ್ಯ ಉಣ್ಣುತ್ತಾನೆ, ಮಲಗುತ್ತಾನೆ, ನನ್ನ ಹೆಸರು ಹಿಡಿದು ಬೈಯುತ್ತಾನೆ. ಮಳೆ ಜೋರಾಗಿ ಅಂಗಳಕ್ಕೆ ಇಳಿಯಲಾಗದ ದಿನ ಮಾತ್ರ ಅವನ ಮುಖ ಮೆಲ್ಲಗೆ ಕಡಲ ಕಡೆ ತಿರುಗುತ್ತದೆ.

ಯಡ್ತರೆಯ ಸಂಬಂಧ ಒಪ್ಪಿಗೆಯಾಗಿದೆ. ಮುಂದಿನ ತಿಂಗಳು ನನ್ನ ಮದುವೆ.

ಇವತ್ತು ಬೆಳಿಗ್ಗೆ ನನ್ನ ತುದಿಯನ್ನು ಅಮ್ಮನ ಕೈಗೆ ಕೊಟ್ಟೆ. "ನಂಗೆ ಹೆದ್ರಿಕೆ ಆತ್," ಎಂದು ಅವಳು ಅದನ್ನು ಕೆಳಗೆ ಹಾಕಿ ಒಳಗೆ ಹೋದಳು. ಆಚೆ ತುದಿಯಲ್ಲಿ ಅಪ್ಪಯ್ಯ ಹಗ್ಗ ಹಿಡಿದು ನಿಂತೇ ಇದ್ದ. ಯಾರೂ ಎಳೆಯದಿದ್ದಾಗ ಅವನ ಕೈ ಸಡಿಲವಾಯಿತು. ಮುಖ ತಿರುಗಿತು. ರಸ್ತೆಯ ಆಚೆ ಕಡಲು ಇತ್ತು.