ಆರನೇ ಪಾಠದ ಕುರಿಗಳು

ಗುರುಮೂರ್ತಿಯವರು ಆರನೇ ಪಾಠ ತೆರೆಯಲು ಹೇಳಿದಾಗ ಶಿವಗಂಗಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಹರಪನಹಳ್ಳಿಯ ಆ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಪ್ರೋಗ್ರಾಮಿಂಗ್ ಕಲಿಸಲು ಹನ್ನೆರಡು ಸಾದಾ ಫೈಲುಗಳನ್ನು ಬರೆದಿದ್ದಳು. ಕನ್ನಡದಲ್ಲಿ ವಿವರಣೆ, ನಡುವೆ ನಾಲ್ಕು ಸಾಲು ಕೋಡ್, ಗುಂಡಿ ಒತ್ತಿದರೆ ಅದರ ಕೆಳಗೇ ಉತ್ತರ. ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲೂ ತೆರೆಯುತ್ತಿತ್ತು. ಇದು ಮುಂದುವರಿಯಬೇಕೋ, ಮತ್ತೆ ಕೈಬರಹದ ರೆಕಾರ್ಡ್ ಬುಕ್ಕಿಗೇ ಮರಳಬೇಕೋ ಎಂದು ಇವತ್ತು ತೀರ್ಮಾನಿಸಲು ದಾವಣಗೆರೆಯಿಂದ ಬಂದ ಪರಿಶೀಲಕರು ಗುರುಮೂರ್ತಿ.

ಆರನೇ ಪಾಠ ಕುರಿಯ ಲೆಕ್ಕ. ಉಚ್ಚಂಗಿದುರ್ಗದ ಕಡೆಯ ವಿದ್ಯಾರ್ಥಿನಿ ಸಂಗೀತಾಳ ಮನೆಯಲ್ಲಿ ಸಂಜೆ ಕುರಿಗಳು ರೊಪ್ಪದೊಳಗೆ ನುಗ್ಗುವಾಗ ಜೋಡಿ ಜೋಡಿಯಾಗಿ ಎಣಿಸುತ್ತಾರೆ. ಜೋಡಿಯನ್ನು ಎರಡರಿಂದ ಗುಣಿಸಿ ಉಳಿದ ಒಂಟಿಯನ್ನು ಕೂಡಿಸುವ ಕೋಡ್ ಅದು. ನಿನ್ನೆ ಕೊಟ್ಟೂರಿನ ಬಸ್ಸಿನಲ್ಲಿ ಕೂತು ಶಿವಗಂಗಾ ಅದನ್ನು ಫೋನಿನಲ್ಲೇ ಬರೆದಿದ್ದಳು. ಫೋನಿನಲ್ಲಿ ಕೋಡ್ ಓಡುವುದಿಲ್ಲ. ಸಂಗೀತಾಳನ್ನೇ ಕೇಳಿ, ಆಕೆ ಹೇಳಿದ್ದನ್ನು ಹೇಳಿದಂತೆ ತುಂಬಿದ್ದಳು: ನಲವತ್ತೆರಡು ಜೋಡಿ, ಒಂದು ಒಂಟಿ. ಉತ್ತರದ ಜಾಗದಲ್ಲೂ ಆಕೆ ಹೇಳಿದ್ದೇ, ಒಟ್ಟು ಎಂಬತ್ತನಾಲ್ಕು. ಬೆಳಿಗ್ಗೆ ಓಡಿಸಿ ನೋಡಲು ಮರೆತದ್ದು ಈಗ ನೆನಪಾಗಿತ್ತು.

ಸಂಗೀತಾ ಗುಂಡಿ ಒತ್ತಿದಳು. 84 ಹೋಗಿ 85 ಬಂತು.

“ಮೊದಲಿನ ಉತ್ತರ ಯಾರದು?” ಗುರುಮೂರ್ತಿ ಕೇಳಿದರು.

ಹಿಂದೆ ಓಡಿಸಿದಾಗಿನ ಹಳೇ ಅಂಕಿ ಉಳಿದಿತ್ತು ಎಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯವರೆಗೂ ಬಂದಿತ್ತು.

“ನಾನಽ ಕೈಲೆ ಬರದಿದ್ದೆ ಸರ್. ಓಡಿಸಿರ್ಲಿಲ್ಲ,” ಎಂದಳು ಶಿವಗಂಗಾ.

ಸಂಗೀತಾ ನಡುವೆ ಬಾಯಿ ಹಾಕಿದಳು. “ಮೇಡಂ ತಪ್ಪಲ್ರಿ. ಆ ಒಂಟಿ ದೇವ್ರಿಗೆ ಬಿಟ್ಟ ಟಗರು, ಅದನ್ನ ನಮ್ಮನ್ಯಾಗ ಎಣಸಂಗಿಲ್ಲ. ಅದು ರೊಪ್ಪದಾಗ ಐತಿ, ಲೆಕ್ಕದಾಗಿಲ್ಲ.”

ಗುರುಮೂರ್ತಿ ನಗಲಿಲ್ಲ. “ನಿಮ್ಮ ಟಗರು ಹಂಗಿರ್ಲಿ ಬಿಡವ್ವಾ. ಮೇಡಂ ಓಡಿಸ್ದೆ ಉತ್ತರ ಕೈಲೆ ಬರೀಬೋದು ಅಂದ್ರೆ ಪರೀಕ್ಷೆದಾಗ ನೀನೂ ಬರೀಬೋದು. ಉಳಿದ ಹನ್ನೊಂದು ಪಾಠ ಹೆಂಗ ನಂಬ್ಲಿ?”

“ನಂಬಬ್ಯಾಡ್ರಿ ಸರ್,” ಎಂದಳು ಶಿವಗಂಗಾ. “ಎಲ್ಲಾ ಉತ್ತರ ಅಳಿಸ್ತೀನಿ. ನೀವಽ ಒತ್ರಿ.”

ಅಳಿಸಿದಳು. ಅವರು ಮೊದಲ ಪಾಠದಿಂದ ಒಂದೊಂದೇ ಒತ್ತುತ್ತ ಹೋದರು. ಅವಳು ಕಿಟಕಿಯ ತನಕ ಹೋದಳು, ತಿರುಗಿ ಬಂದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಒಂಬತ್ತನೇ ಪಾಠದಲ್ಲಿ ಕಂಪ್ಯೂಟರ್ ನಿಂತೇಬಿಟ್ಟಿತು. ಮತ್ತೆ ಚಾಲೂ ಮಾಡಿ ಅವರು ಪುನಃ ಮೊದಲಿನಿಂದ ಶುರುಮಾಡಿದಾಗ ಅವಳಿಗೆ ಅಳು ಬಂದಂತಾಯಿತು. ಹನ್ನೆರಡೂ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಎಲ್ಲೂ ತಪ್ಪು ಬರಲಿಲ್ಲ.

ಗುರುಮೂರ್ತಿ ವರದಿಯಲ್ಲಿ ಮುಂದುವರಿಸಬಹುದು ಎಂದು ಬರೆದರು. ಕೆಳಗೆ ಒಂದು ಷರತ್ತು: ಪ್ರತಿ ಪರೀಕ್ಷೆಗೆ ಮುನ್ನ ಉತ್ತರಗಳನ್ನು ಅಳಿಸಿ ಮತ್ತೆ ಓಡಿಸತಕ್ಕದ್ದು.

ಅವರು ಹೋದ ಮೇಲೆ ಶಿವಗಂಗಾ ಆರನೇ ಪಾಠ ತೆರೆದು ನೋಡಿದಳು. 85ರ ಕೆಳಗೆ ಸಂಗೀತಾ ಆಗಲೇ ಒಂದು ಸಾಲು ಸೇರಿಸಿದ್ದಳು: ದೇವರ ಟಗರು ಸೇರಿ.