ಹುಲ್ಲುಹೊರೆಯ ಗಂಟು

ಹೋದ ವಾರ ನಯನ ಅಪ್ಪನ ಸೈಕಲ್ಲಿನ ಹಿಂದೆ ತೂಕಡಿಸಿ ಇನ್ನೇನು ಬಿದ್ದೇಬಿಡುತ್ತಿದ್ದಳು. ಅದಕ್ಕೇ ಚಲುವರಾಜು ಈ ದಿನ ಮಗಳನ್ನು ಕ್ಯಾರಿಯರಿನ ಮೇಲೆ ಕೂರಿಸಿ, ಸೊಂಟಕ್ಕೆ ಟವಲು ಸುತ್ತಿ, ಹುಲ್ಲುಹೊರೆಗೆ ಹಾಕುವ ಗಂಟನ್ನೇ ಹಾಕಿ ಬಿಗಿದ. ಜಗ್ಗಿದಷ್ಟೂ ಬಿಗಿಯಾಗುವ ಗಂಟು. ಹೊರೆ ಬೇರೆ, ಮಗು ಬೇರೆ ಎಂದು ಅವನಿಗೆ ಹೇಳುವವರು ಯಾರಿದ್ದರು?

ಹೊಳಲಿನ ಅಂಗನವಾಡಿಯಿಂದ ಮನೆಗೆ ನಾಲೆ ಏರಿಯ ಮೇಲೇ ದಾರಿ. ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಾಯಿತು. ಅಂಚಿಗೆ ಸರಿದದ್ದೇ ತಡ, ಮಣ್ಣು ಕುಸಿಯಿತು. ಅವನು ಏರಿಯ ಮೇಲೆ ಬಿದ್ದ, ಸೈಕಲ್ಲು ತುಂಬಿದ ನಾಲೆಗೆ ಜಾರಿತು. ಹಿಂದಿನ ಚಕ್ರವಷ್ಟೇ ಕೈಗೆ ಸಿಕ್ಕಿತು.

“ಅಪ್ಪೋ, ಕಾಲ್ಗೆ ನೀರು!”

“ಅಳ್ಳಾಡ್ಬ್ಯಾಡ ಕಣವ್ವಾ!”

ಚಲುವರಾಜು ಈಜುವುದರಲ್ಲಿ ಗಟ್ಟಿಗ. ಮಗುವೊಂದೇ ಬಿದ್ದಿದ್ದರೆ ಹಾರಿ ಎತ್ತಿಬಿಡುತ್ತಿದ್ದ. ಈಗ ಕೈ ಜಾರಿದರೆ ಕಬ್ಬಿಣದ ಜೊತೆ ಮಗಳೂ ತಳ ಸೇರುತ್ತಾಳೆ. ಗಂಟು ಬಿಚ್ಚಬೇಕೆಂದರೆ ಚಕ್ರ ಬಿಡಬೇಕು. ಟ್ರ್ಯಾಕ್ಟರಿನವನು ಓಡಿ ಬಂದು ಕೈ ಹಾಕುವವರೆಗೂ ಹಲ್ಲು ಕಚ್ಚಿ ಹಿಡಿದೇ ಇದ್ದ. ಇಬ್ಬರೂ ಸೇರಿ ಮೇಲಕ್ಕೆಳೆದರು.

ಕಲ್ಲಾಗಿದ್ದ ಗಂಟು ಅವನ ಬೆರಳಿಗೆ ಬಗ್ಗಲಿಲ್ಲ. ಕಟ್ಟಿದಂತೆಯೇ ಮಗಳನ್ನು ಕೂರಿಸಿಕೊಂಡು, ನಾಲೆಯ ಕಡೆ ತಾನು ನಿಂತು, ಸೈಕಲ್ಲು ತಳ್ಳಿಕೊಂಡು ಮನೆ ಸೇರಿದ. ಹೆಂಡತಿ ಕುಸುಮ ಕುಡುಗೋಲು ತಂದು ಟವಲು ಕೊಯ್ದಳು. ಅವನು ನಡೆದದ್ದನ್ನು ತೊದಲುತ್ತ ಹೇಳಿದ.

ಅವಳು ಮಗಳನ್ನು ಎದೆಗವಚಿಕೊಂಡಳು.

“ಸದ್ಯ, ಕಟ್ಟಿದ್ದಕ್ಕೆ ಕೂಸು ಉಳ್ಕತು. ನಾಳಿಂದ ಇನ್ನೊಂದು ಗಂಟು ಜಾಸ್ತಿನೇ ಹಾಕಿ.”